ನಾಲ್ಕು ಬೋಲ್ಟು, ಅರ್ಧ ಕೂದಲೆಳೆ

ಗುಬ್ಬಿ ದಾಟಿ ನಿಟ್ಟೂರಿನ ಹತ್ತಿರ ಚಹಾಕ್ಕೆಂದು ಕಾರು ನಿಲ್ಲಿಸಿದ್ದೆ. ಎಂಜಿನ್ ಆರಿಸುವ ಮೊದಲು ಅದರ ಸದ್ದನ್ನು ಅರೆಗಳಿಗೆ ಕೇಳುತ್ತಾ ಕೂರುವುದು ನನ್ನ ಹಳೆಯ ಅಭ್ಯಾಸ. ಅಂದು ಹಾಗೆ ಕೂತಾಗ, ಪೆಡಲುಗಳ ಆಚೆ ಎಲ್ಲೋ ಯಾರೋ ಬೆರಳಿನ ಗೆಣ್ಣಿನಿಂದ ತಗಡನ್ನು ತಟ್ಟುತ್ತಿರುವಂಥ ಶಬ್ದ ಕೇಳಿಸಿತು. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಶಬ್ದವಿಲ್ಲ, ಬಿಟ್ಟರೆ ಮತ್ತೆ ಅದೇ. ಆ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಬೋರ್ ಮಾಡಿಸಿ, ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಿ, ಹೊಸ ಬೇರಿಂಗ್ ಹಾಕಿ ಕಟ್ಟಿ ಎಂಟು ತಿಂಗಳೂ ಆಗಿರಲಿಲ್ಲ. ಕಟ್ಟಿದವನು ನಾನೇ ಆದ್ದರಿಂದ ಬಯ್ಯುವುದಕ್ಕೆ ಬೇರೆ ಯಾರೂ ಸಿಗಲಿಲ್ಲ. ಚಹಾ ಆರಿ ತಣ್ಣಗಾಯಿತು.

ಕಾರು ದೊಡ್ಡಪ್ಪನದು, 1966ರ ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಬಂದ ಈ ಕಾರನ್ನು 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ತಯಾರಿಸುತ್ತಿತ್ತು. ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ಬಿಡಿಸಿದ ಆಕಾರ. ಮುಂಭಾಗದ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಒಂದೇ ತುಂಡಾಗಿ ಮೊಸಳೆ ಬಾಯಿಯಂತೆ ಮುಂದಕ್ಕೆ ತೆರೆದುಕೊಳ್ಳುತ್ತದೆ. 948 ಸಿ.ಸಿ.ಯ ನಾಲ್ಕು ಸಿಲಿಂಡರಿನ ಪುಟ್ಟ ಎಂಜಿನ್, ಅದರ ಕ್ರ್ಯಾಂಕಿಗೆ ಮೂರೇ ಮೂರು ಮುಖ್ಯ ಬೇರಿಂಗು. ಆ ಕ್ರ್ಯಾಂಕಿನ ಹಿಂತುದಿಯ ಚಪ್ಪಟೆ ತಟ್ಟೆಗೆ, ಅಂದರೆ ಫ್ಲ್ಯಾಂಜಿಗೆ, ಫ್ಲೈವೀಲ್ ಎಂಬ ಭಾರದ ಚಕ್ರವನ್ನು ಹಿಡಿದಿಟ್ಟಿರುವುದು ಕೇವಲ ನಾಲ್ಕು ಬೋಲ್ಟು ಮತ್ತು ಸ್ಥಾನ ತಪ್ಪದಂತೆ ನೋಡಿಕೊಳ್ಳುವ ಒಂದು ಡೋವೆಲ್ ಪಿನ್ನು. ನಾನು ಬರೆಯಹೊರಟಿರುವುದು ಆ ನಾಲ್ಕು ಬೋಲ್ಟುಗಳ ವಿಚಾರ.

ಶಬ್ದ ಕೇಳಿದ ಕೂಡಲೇ ಮನಸ್ಸು ಹೋದದ್ದು ಬೇರಿಂಗಿನ ಕಡೆಗೆ. ಹೆರಾಲ್ಡ್ ಜಾತಿಯ ಎಂಜಿನ್ನುಗಳಲ್ಲಿ ಹಿಂದಿನ ಮುಖ್ಯ ಬೇರಿಂಗಿನ ಬಳಿ ಅರ್ಧಚಂದ್ರಾಕಾರದ ಎರಡು ಥ್ರಸ್ಟ್ ವಾಷರುಗಳಿರುತ್ತವೆ. ಅವು ಸವೆದರೆ ಕ್ಲಚ್ ಒತ್ತಿದಾಗಲೆಲ್ಲ ಕ್ರ್ಯಾಂಕು ಮುಂದೆ ಸರಿದು ತಟ್ಟುತ್ತದೆ, ತೀರಾ ಸವೆದರೆ ಜಾರಿ ಕೆಳಗೆ ಬೀಳುವುದೂ ಉಂಟು. ನಮ್ಮ ಬಡಾವಣೆಯ ಮೇಸ್ತ್ರಿ ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗಿಟ್ಟು, ಹಿಡಿಯನ್ನು ಕಿವಿಗೊತ್ತಿ ಕೇಳಿ, "ಮೈನ್ ಬೇರಿಂಗ್ ಹೋಗಿದೆ ಸಾರ್, ಎಂಜಿನ್ ಇಳಿಸಿ" ಎಂದರು. ಆದರೆ ಎಣ್ಣೆಯ ಒತ್ತಡ ಸರಿಯಾಗಿತ್ತು. ಬೇರಿಂಗಿನ ಸದ್ದು ಎಂಜಿನ್ನಿನ ಮೇಲೆ ಭಾರ ಬಿದ್ದಾಗ ಹೆಚ್ಚಾಗಬೇಕು. ಇದು ಭಾರ ಬಿದ್ದಾಗ ಅಡಗಿ, ಸುಮ್ಮನೆ ನಿಂತಾಗ ಮಾತಾಡುತ್ತಿತ್ತು. ಹಳೆಯ ಕಾಲದ ಮೆಕ್ಯಾನಿಕ್ಕುಗಳಲ್ಲಿ ಒಂದು ಪರೀಕ್ಷೆ ಬಳಕೆಯಲ್ಲಿದೆ. ನಿಧಾನವಾಗಿ ತಿರುಗುತ್ತಿರುವ ಎಂಜಿನ್ನಿನ ಇಗ್ನಿಷನ್ ಆರಿಸಿ, ಅದು ಇನ್ನೇನು ನಿಲ್ಲಬೇಕು ಎನ್ನುವಾಗ ಮತ್ತೆ ಹಾಕಬೇಕು. ಸಡಿಲವಾದ ಫ್ಲೈವೀಲು ಇದ್ದರೆ, ಸಿಲಿಂಡರುಗಳು ಮತ್ತೆ ಹೊತ್ತಿಕೊಂಡ ಕ್ಷಣದಲ್ಲಿ ಕ್ರ್ಯಾಂಕು ಮುಂದೆ ಧಾವಿಸಿ, ಚಕ್ರ ಹಿಂದುಳಿದು, ಒಂದೇ ಒಂದು ಸ್ಪಷ್ಟವಾದ 'ಧಡ್' ಕೇಳಿಸುತ್ತದೆ. ನಮ್ಮ ಮನೆಯ ಮುಂದೆ ಆ ಪರೀಕ್ಷೆ ಮಾಡಿದಾಗ ಬಂದ 'ಧಡ್' ಎಷ್ಟು ಸ್ಪಷ್ಟವಾಗಿತ್ತೆಂದರೆ, ಅಡುಗೆಮನೆಯಿಂದ ಹೆಂಡತಿ ಹೊರಗೆ ಬಂದು ಏನು ಬಿತ್ತೆಂದು ಕೇಳಿದಳು.

ಹೆರಾಲ್ಡಿನ ಗೇರ್‌ಬಾಕ್ಸನ್ನು ಕಾರಿನ ಕೆಳಗೆ ಮಲಗಿ ಇಳಿಸಬೇಕಾಗಿಲ್ಲ. ಮುಂದಿನ ಸೀಟುಗಳನ್ನು ತೆಗೆದು, ನಡುವಿನ ಸುರಂಗದಂಥ ಮುಚ್ಚಳವನ್ನು ಬಿಚ್ಚಿ, ಕಾರಿನ ಒಳಗಿನಿಂದಲೇ ಹಿಂದಕ್ಕೆಳೆದು ಬಾಗಿಲಿನಿಂದ ಹೊರಗೆ ತರಬಹುದು. ಬೆನ್ನು ಗಟ್ಟಿಯಿದ್ದರೆ ಇದು ವರ, ಇಲ್ಲದಿದ್ದರೆ ಶಾಪ. ನನ್ನ ಮಟ್ಟಿಗೆ ಎರಡರ ನಡುವೆ ಎಲ್ಲೋ. ಕ್ಲಚ್ಚಿನ ಪ್ರೆಷರ್ ಪ್ಲೇಟು ಬಿಚ್ಚಿ ಟಾರ್ಚು ಹಿಡಿದಾಗ, ಬೋಲ್ಟಿನ ತಲೆಗಳ ಬುಡದಿಂದ ಅಂಚಿನ ಕಡೆಗೆ ನಾಲ್ಕು ಗೆರೆಗಳಾಗಿ ಹರಡಿದ್ದ ಕೆಮ್ಮಣ್ಣಿನಂಥ ಪುಡಿ ಕಾಣಿಸಿತು. ಬೆರಳಿಗೆ ಹಚ್ಚಿಕೊಂಡು ಉಜ್ಜಿದರೆ ಕುಂಕುಮದಷ್ಟು ನುಣುಪು. ತುಕ್ಕಿನ ಹಕ್ಕಳೆ ಹೀಗಿರುವುದಿಲ್ಲ. ಗಟ್ಟಿಯಾಗಿ ಒತ್ತಿಕೊಂಡಿರುವ ಎರಡು ಉಕ್ಕಿನ ಮುಖಗಳು ಕಣ್ಣಿಗೆ ಕಾಣದಷ್ಟು ಅತ್ತಿತ್ತ ಉಜ್ಜಿಕೊಂಡಾಗ ಉದುರುವ ಲೋಹದ ಕಣಗಳು ಗಾಳಿಗೆ ಸಿಕ್ಕಿ ಹೀಗೆ ಕೆಂಪಾಗುತ್ತವೆ. ಆ ಪುಡಿ ಇದೆಯೆಂದರೆ ಅಲ್ಲಿ ಚಲನೆ ಇತ್ತೆಂದೇ ಅರ್ಥ. ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿದೆ. ಒಂದು ಬೋಲ್ಟು ಕೈಯ ಬಲಕ್ಕೇ ತಿರುಗಿತು. ಇನ್ನೆರಡು ಅರೆಮನಸ್ಸಿನಿಂದ ಬಿಟ್ಟುಕೊಟ್ಟವು. ನಾಲ್ಕನೆಯದು ಮಾತ್ರ ಗಟ್ಟಿಯಾಗಿತ್ತು. ವಿಚಿತ್ರವೆಂದರೆ, ಬೋಲ್ಟುಗಳು ತಿರುಗದಂತೆ ಅವುಗಳ ತಲೆಗಳಿಗೆ ಮಡಚಿದ್ದ ಲಾಕ್ ಪ್ಲೇಟಿನ ಕಿವಿಗಳು ನಾಲ್ಕೂ ಮಡಚಿದಂತೆಯೇ ಇದ್ದವು. ಬೀಗ ಹಾಕಿದ ಬಾಗಿಲು ಹಾಕಿದಂತೆಯೇ ಇದ್ದು, ಮನೆ ಮಾತ್ರ ಖಾಲಿಯಾದ ಹಾಗೆ.

ಈ ಒಗಟನ್ನು ಬಿಡಿಸಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ಮೊದಲು ಫ್ಲೈವೀಲು ಏನನ್ನು ಸಹಿಸಿಕೊಳ್ಳುತ್ತದೆ ಎಂಬುದನ್ನು ನೋಡಬೇಕು. ಕುಂಬಾರ ತನ್ನ ತಿಗುರಿಯನ್ನು ಕೋಲಿನಿಂದ ನಾಲ್ಕು ಸಲ ತಿರುವಿ ಬಿಟ್ಟರೆ, ಚಕ್ರ ತನ್ನ ಭಾರದಿಂದಲೇ ಆ ನೂಕುಗಳನ್ನು ಒಂದು ನಯವಾದ ತಿರುಗಾಟವಾಗಿ ಮಾಡಿಕೊಳ್ಳುತ್ತದೆ. ಫ್ಲೈವೀಲಿನ ಕೆಲಸವೂ ಅಷ್ಟೇ. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಪ್ರತಿ ಸುತ್ತಿಗೆ ಎರಡು ಸಲ ಇಂಧನ ಉರಿಯುತ್ತದೆ. ನಿಮಿಷಕ್ಕೆ 3000 ಸುತ್ತಿನಲ್ಲಿ ಸೆಕೆಂಡಿಗೆ ನೂರು ಗುದ್ದು. ಬೆಂಗಳೂರಿನಿಂದ ತಿಪಟೂರಿಗೆ ಮೂರು ಗಂಟೆಯ ಪ್ರಯಾಣವೆಂದರೆ ಹತ್ತು ಲಕ್ಷಕ್ಕೂ ಮಿಕ್ಕಿದ ಗುದ್ದುಗಳು. ಪ್ರತಿ ಗುದ್ದಿಗೂ ಕ್ರ್ಯಾಂಕು ಮುಂದೆ ಹಾರಲು ನೋಡುತ್ತದೆ, ಚಕ್ರ ತನ್ನ ಪಾಡಿಗೆ ತಾನು ತಿರುಗಲು ನೋಡುತ್ತದೆ, ಇಬ್ಬರ ಜಗಳ ನಡೆಯುವ ಜಾಗ ಆ ನಾಲ್ಕು ಬೋಲ್ಟುಗಳ ಸುತ್ತ. ಚಕ್ರವೇನೂ ಹಗುರವಾದದ್ದಲ್ಲ, ಎರಡೂ ಕೈಯಲ್ಲಿ ಎತ್ತಬೇಕಾದದ್ದು. ಸುಮಾರು 28 ಸೆಂ.ಮೀ. ವ್ಯಾಸವೆಂದುಕೊಂಡರೆ, 4500 ಸುತ್ತಿನಲ್ಲಿ ಅದರ ಅಂಚು ಗಂಟೆಗೆ 235 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಓಡುತ್ತಿರುತ್ತದೆ, ಅದೂ ಚಾಲಕನ ಕಾಲಿನ ಪಕ್ಕದಲ್ಲಿ. ಇದನ್ನು ಲೆಕ್ಕ ಹಾಕಿದ ಮೇಲೆ ನಿಟ್ಟೂರಿನಿಂದ ಬೆಂಗಳೂರಿಗೆ ಆ ಶಬ್ದ ಕೇಳಿಸಿಕೊಳ್ಳುತ್ತಾ ಕಾರು ಓಡಿಸಿಕೊಂಡೇ ಬಂದೆನಲ್ಲ ಎಂದು ನೆನೆದು ಮೈ ಜುಮ್ಮೆಂದಿತು.

ಬೋಲ್ಟುಗಳು ಮೊಳೆಗಳಂತೆ ಅಡ್ಡ ನಿಂತು ಚಕ್ರವನ್ನು ತಡೆಯುತ್ತವೆ ಎಂದು ನಾನು ಬಹುಕಾಲ ತಿಳಿದಿದ್ದೆ. ಅದು ತಪ್ಪು. ಬೋಲ್ಟಿನ ಕೆಲಸ ಎರಡು ಮುಖಗಳನ್ನು ಒಂದಕ್ಕೊಂದು ಅಮುಕಿ ಹಿಡಿಯುವುದು. ತಿರುಗಿಸುವ ಬಲವನ್ನು ದಾಟಿಸುವುದು ಆ ಮುಖಗಳ ನಡುವಿನ ಘರ್ಷಣೆ. ಈ ಎಂಜಿನ್ನಿನ ಮ್ಯಾನ್ಯುಯಲ್ ಫ್ಲೈವೀಲ್ ಬೋಲ್ಟುಗಳಿಗೆ ಹೇಳುವ ಟಾರ್ಕ್, ಅಂದರೆ ತಿರುಗಿಸುವ ಬಲ, 42ರಿಂದ 46 ಪೌಂಡ್-ಅಡಿ. 44 ಎಂದಿಟ್ಟುಕೊಂಡರೆ ಸುಮಾರು 60 ನ್ಯೂಟನ್-ಮೀಟರ್, ನಮ್ಮ ಹಳೆಯ ಲೆಕ್ಕದಲ್ಲಿ ಆರು ಕೆ.ಜಿ.-ಮೀಟರ್, ಇಪ್ಪತ್ತು ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ ಮೂವತ್ತು ಕೆ.ಜಿ. ತೂಗುಬಿಟ್ಟಷ್ಟು. ಮುಕ್ಕಾಲು ಪಾಲಿಗಿಂತ ಹೆಚ್ಚು ಶ್ರಮ ಬೋಲ್ಟಿನ ತಲೆಯ ಕೆಳಗಿನ ಮತ್ತು ಥ್ರೆಡ್ಡಿನೊಳಗಿನ ಘರ್ಷಣೆಗೇ ಹೋಗುತ್ತದೆ. ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಬೋಲ್ಟನ್ನು ಎಳೆಯುವುದಕ್ಕೆ ಬಳಕೆಯಾಗುತ್ತದೆ. ಆದರೂ ಎಣ್ಣೆ ಸೋಕದ ಥ್ರೆಡ್ಡಿನಲ್ಲಿ, ಮೂರು ಎಂಟನೇ ಇಂಚಿನ ಒಂದೊಂದು ಬೋಲ್ಟೂ ಮೂರು ಟನ್ನಿಗೂ ಮೇಲ್ಪಟ್ಟ ಬಲದಿಂದ ಚಕ್ರವನ್ನು ಅಮುಕುತ್ತದೆ. ನಾಲ್ಕೂ ಸೇರಿದರೆ ಹನ್ನೆರಡು ಹದಿಮೂರು ಟನ್ನು. ಬೋಲ್ಟುಗಳು ನಿಂತಿರುವ ವೃತ್ತದ ತ್ರಿಜ್ಯ 30 ಮಿ.ಮೀ. ಎಂದುಕೊಂಡರೂ, ಆ ಅಮುಕಿನಿಂದ ಹುಟ್ಟುವ ಘರ್ಷಣೆ ಐನೂರು ನ್ಯೂಟನ್-ಮೀಟರಿಗಿಂತ ಹೆಚ್ಚನ್ನು ತಡೆಯಬಲ್ಲದು. ಈ ಪುಟ್ಟ ಎಂಜಿನ್ನಿನ ಗರಿಷ್ಠ ಟಾರ್ಕ್ ಸುಮಾರು 70. ಗುದ್ದುಗಳ ಶಿಖರ ಸರಾಸರಿಗಿಂತ ಹಲವು ಪಟ್ಟು ಎತ್ತರವಿರುತ್ತದೆ ಎಂಬುದನ್ನು ಸೇರಿಸಿಕೊಂಡರೂ, ಅಮುಕು ಸರಿಯಾಗಿದ್ದರೆ ಚಕ್ರ ಜಾರಬೇಕಾದ ಕಾರಣವೇ ಇಲ್ಲ. ಅಮುಕು ಎಲ್ಲಿ ಹೋಯಿತು ಎಂಬುದಷ್ಟೇ ಉಳಿದ ಪ್ರಶ್ನೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಎಂಜಿನ್ ಕಟ್ಟಿದ್ದು ಜುಲೈ ತಿಂಗಳಲ್ಲಿ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಲೇತಿನಿಂದ ಮುಖ ಹೊಡೆಸಿಕೊಂಡು ಬಂದ ಫ್ಲೈವೀಲು. ಎರಡೇ ದಿನದಲ್ಲಿ ಅದರ ಮೇಲೆ ಕಂದು ಚುಕ್ಕೆಗಳು ಕಾಣಿಸಿಕೊಂಡದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಕ್ಲಚ್ಚು ಕೂರುವ ಮುಖವೊಂದನ್ನು ಬಿಟ್ಟು, ಹಿಂದೆ ಮುಂದೆ ನಡುವೆ ಎಲ್ಲ ಕಡೆಗೂ ಶಾಖ ತಡೆಯುವ ಬೆಳ್ಳಿ ಬಣ್ಣವನ್ನು ಸ್ಪ್ರೇ ಮಾಡಿ ಒಣಗಿಸಿದೆ. ಬಹಳ ಚಂದ ಕಾಣುತ್ತಿತ್ತು, ಫೋಟೋ ಕೂಡ ತೆಗೆದಿದ್ದೇನೆ. ಆ ಬಣ್ಣ ಕ್ರ್ಯಾಂಕಿನ ಫ್ಲ್ಯಾಂಜು ಕೂರುವ ಜಾಗದಲ್ಲೂ, ಬೋಲ್ಟಿನ ತಲೆಗಳು ಕೂರುವ ಜಾಗದಲ್ಲೂ ಇತ್ತು.

ಬಿಗಿದ ಬೋಲ್ಟು ಒಂದು ಗಟ್ಟಿ ಸ್ಪ್ರಿಂಗು. ಅದು ಹಿಗ್ಗಿರುವಷ್ಟೂ ಹೊತ್ತು ಅಮುಕುತ್ತಿರುತ್ತದೆ. ಆದರೆ ಫ್ಲೈವೀಲಿನ ಬೋಲ್ಟು ತುಂಡು ಬೋಲ್ಟು. ತಲೆಯ ಕೆಳಗಿನಿಂದ ಥ್ರೆಡ್ ಹಿಡಿಯುವ ಜಾಗದವರೆಗೆ ಅದರ ಉದ್ದ ಹನ್ನೆರಡು ಮಿ.ಮೀ. ಎಂದಿಟ್ಟುಕೊಂಡರೆ, ಮೂರು ಟನ್ನಿನ ಎಳೆತಕ್ಕೆ ಅದು ಹಿಗ್ಗುವುದು ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲು ಮಾತ್ರ. ತಲೆಗೂದಲಿನ ದಪ್ಪದ ಅರ್ಧಕ್ಕೆ ಹತ್ತಿರ. ಇಡೀ ಫ್ಲೈವೀಲು ನಿಂತಿರುವುದು ಆ ಅರ್ಧ ಕೂದಲೆಳೆಯ ಹಿಗ್ಗಿನ ಮೇಲೆ. ನಾನು ಹೊಡೆದ ಬಣ್ಣದ ಪದರ ಅದಕ್ಕಿಂತ ದಪ್ಪ. ಬಿಗಿಯುವಾಗ ಟಾರ್ಕ್ ರೆಂಚು ಸರಿಯಾಗಿಯೇ 'ಟಕ್' ಎಂದಿತ್ತು. ಆದರೆ ಎಂಜಿನ್ ಕಾದು, ನಡುಗಿ, ಬಣ್ಣ ಮೆತ್ತಗಾಗಿ ಅಂಚುಗಳಿಂದ ಹೊರಗೆ ಹಿಂಡಿಕೊಂಡಾಗ, ಬೋಲ್ಟು ಒಂದಿಷ್ಟೂ ತಿರುಗದೆ ತನ್ನ ಹಿಗ್ಗನ್ನು ಕಳೆದುಕೊಂಡಿತು. ಲಾಕ್ ಪ್ಲೇಟಿನ ಕಿವಿಗಳು ಮಡಚಿದಂತೆಯೇ ಇದ್ದುದರ ಗುಟ್ಟು ಇದೇ. ಅವು ಕಾಯುತ್ತಿದ್ದುದು ಬೋಲ್ಟು ತಿರುಗದಂತೆ. ಬೋಲ್ಟು ತಿರುಗಲೇ ಇಲ್ಲ.

ಲಾಕ್ ಪ್ಲೇಟುಗಳದ್ದೂ ಒಂದು ಪಾಲು ಇತ್ತು. ಮೆತು ಉಕ್ಕಿನ ಆ ತಗಡು ಬೋಲ್ಟಿನ ತಲೆಯ ಅಡಿಯಲ್ಲಿಯೇ ಕೂತಿರುತ್ತದೆ, ಕಾಲ ಕಳೆದಂತೆ ತಾನೂ ಸ್ವಲ್ಪ ನುಜ್ಜುತ್ತದೆ. ಒಮ್ಮೆ ಬಳಸಿ ನೆಟ್ಟಗೆ ಮಾಡಿ ಮತ್ತೆ ಹಾಕಿದರೆ, ಹಳೆಯ ಬೋಲ್ಟಿನ ತಲೆ ಒತ್ತಿ ಮಾಡಿದ ಗುಂಡಿಗಳ ಏಣುಗಳ ಮೇಲೆ ಹೊಸ ತಲೆ ಕೂರುತ್ತದೆ. ನಾನು ಹಾಕಿದ್ದು ಹಾಗೆ ನೆಟ್ಟಗೆ ಮಾಡಿದ ಹಳೆಯ ಪ್ಲೇಟುಗಳನ್ನೇ. ಬೆಂಗಳೂರಿನ ವಾಹನ ಬಿಡಿಭಾಗಗಳ ಅಂಗಡಿಸಾಲಾದ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದರೂ ಹೊಸದು ಸಿಗಲಿಲ್ಲ ಎಂಬುದು ಅಂದು ನನಗೆ ಸಾಕಷ್ಟು ದೊಡ್ಡ ನೆಪವಾಗಿತ್ತು. ತಗಡಿನ ತುಂಡೊಂದನ್ನು ತಂದು ಕತ್ತರಿಸಿಕೊಂಡಿದ್ದರೆ ಒಂದು ಗಂಟೆಯ ಕೆಲಸ.

ಬೋಲ್ಟುಗಳ ಕಥೆ ಇನ್ನೂ ಸ್ವಾರಸ್ಯಕರ. ಬಿಚ್ಚಿ ಮೇಜಿನ ಮೇಲೆ ಸಾಲಾಗಿಟ್ಟಾಗ ಎರಡರ ತಲೆಯ ಮೇಲೆ ಆರು ಗೆರೆಗಳಿದ್ದವು, ಉಳಿದೆರಡರ ಮೇಲೆ ಮೂರು. ಅಮೆರಿಕದ ಪದ್ಧತಿಯಲ್ಲಿ ಮೂರು ಗೆರೆಯೆಂದರೆ ಗ್ರೇಡ್ 5, ಆರು ಗೆರೆಯೆಂದರೆ ಗ್ರೇಡ್ 8. ದೊಡ್ಡಪ್ಪನ ಕಾಲದ ಯಾವುದೋ ಕ್ಲಚ್ ರಿಪೇರಿಯಲ್ಲಿ ಕಳೆದ ಬೋಲ್ಟುಗಳ ಬದಲು ಕೈಗೆ ಸಿಕ್ಕಿದ್ದನ್ನು ಹಾಕಿದ್ದರು, ನಾನು ಕಣ್ಣು ಮುಚ್ಚಿ ಅವನ್ನೇ ತೊಳೆದು ಹಾಕಿದ್ದೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ; ಹಾಕುವ ಮುನ್ನ ಥ್ರೆಡ್ಡುಗಳಿಗೆ ಒಂದೊಂದು ತೊಟ್ಟು ಎಂಜಿನ್ ಆಯಿಲ್ ಬಿಟ್ಟಿದ್ದೆ. ಎಣ್ಣೆ ಬಿದ್ದರೆ ಘರ್ಷಣೆ ಕಡಿಮೆಯಾಗಿ, ಅದೇ 44 ಪೌಂಡ್-ಅಡಿಗೆ ಬೋಲ್ಟಿನ ಎಳೆತ ಸುಮಾರು ಮೂರರಲ್ಲೊಂದು ಪಾಲು ಜಾಸ್ತಿಯಾಗುತ್ತದೆ. ಒಣ ಥ್ರೆಡ್ಡಿನಲ್ಲಿ ಗ್ರೇಡ್ 5ರ ಬೋಲ್ಟು ತನ್ನ ತಾಳಿಕೆಯ ಮಿತಿಯ ಒಳಗೇ ಇರುತ್ತದೆ, ಆದರೆ ಅಂಚಿಗೆ ಬಹಳ ಹತ್ತಿರ. ಎಣ್ಣೆ ಬಿಟ್ಟರೆ ಮಿತಿ ದಾಟಿ, ಮತ್ತೆ ಕುಗ್ಗದ ಹಾಗೆ ಹಿಗ್ಗಿಬಿಡುತ್ತದೆ. ಗ್ರೇಡ್ 8 ಅದೇ ಎಳೆತವನ್ನು ತನ್ನ ಮಿತಿಯ ಒಳಗೇ ತಾಳಿಕೊಳ್ಳುತ್ತದೆ. ಕೈಯ ಬಲಕ್ಕೇ ತಿರುಗಿದ ಬೋಲ್ಟಿನ ಥ್ರೆಡ್ಡಿಗೆ ಹೊಸ ನಟ್ಟೊಂದನ್ನು ತಿರುಗಿಸಿ ನೋಡಿದೆ. ಅರ್ಧ ದಾರಿಯಲ್ಲಿ ಬಿಗಿಯಿತು. ಥ್ರೆಡ್ಡಿನ ಹೆಜ್ಜೆಗಳು ಎಳೆದುಕೊಂಡಿದ್ದವು.

ಒಂದು ಸಣ್ಣ ಮಾತು, ವಿಷಯಕ್ಕೆ ಹತ್ತಿರವಾದ್ದರಿಂದ ಹೇಳಿಬಿಡುತ್ತೇನೆ. ಈ ಬೋಲ್ಟಿನ ತಲೆ ಒಂಬತ್ತು ಹದಿನಾರನೇ ಇಂಚಿನದು, ಅಂದರೆ 14.29 ಮಿ.ಮೀ. ನಮ್ಮ ಗ್ಯಾರೇಜುಗಳಲ್ಲಿ ಇರುವುದು ಮಿಲಿಮೀಟರಿನ ಸ್ಪ್ಯಾನರು. 14 ಹೋಗುವುದಿಲ್ಲ, 15 ಸಡಿಲ. ಆ 15ರಲ್ಲೇ ಬಲ ಕೊಟ್ಟು ಬಿಚ್ಚಿದ ಪ್ರತಿ ಬೋಲ್ಟಿನ ಮೂಲೆಗಳೂ ಉರುಟಾಗಿರುತ್ತವೆ, ಉರುಟಾದ ಮೂಲೆಗೆ ಲಾಕ್ ಪ್ಲೇಟಿನ ಕಿವಿ ಆತುಕೊಳ್ಳುವುದಿಲ್ಲ. ಇಂಚಿನ ಕಾರು ಇಟ್ಟುಕೊಂಡವರು ಇಂಚಿನ ಒಂದು ಬಾಕ್ಸ್ ಸ್ಪ್ಯಾನರ್ ಸೆಟ್ಟಿಗೆ ದುಡ್ಡು ಹಾಕದೆ ಗತ್ಯಂತರವಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಎಚ್.ಎ.ಎಲ್.ನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ವಿಮಾನದ ಎಂಜಿನ್ನುಗಳ ನಡುವೆ ಮೂವತ್ತು ವರ್ಷ ಕಳೆದವರು. ನನ್ನ ಬೋಲ್ಟುಗಳನ್ನು ಕೈಯಲ್ಲಿ ಹಿಡಿದು, ಕನ್ನಡಕವನ್ನು ಹಣೆಗೇರಿಸಿ ನೋಡಿ, "ಏನಪ್ಪಾ, ಇದಕ್ಕೆ ತಂತಿ ಎಲ್ಲಿ?" ಎಂದರು. ಅವರ ಪ್ರಕಾರ ಮನುಷ್ಯನ ಜೀವ ಅವಲಂಬಿಸಿರುವ ಯಾವ ಬೋಲ್ಟಿಗೂ ತಲೆಯಲ್ಲಿ ತೂತು ಇರಬೇಕು, ತೂತಿನಲ್ಲಿ ತಂತಿ ಇರಬೇಕು. ಅಂದು ಸಂಜೆ ನಮ್ಮ ಜಗಲಿಯ ಮೇಲೆ ಒಂದು ಮರದ ಹಲಗೆಗೆ ಎರಡು ಬೋಲ್ಟು ಹಾಕಿ, ಲಾಕ್ ವೈರ್ ಕಟ್ಟುವ ಕ್ರಮವನ್ನು ತೋರಿಸಿಕೊಟ್ಟರು. ತಂತಿಯ ಎರಡು ಎಳೆಗಳನ್ನು ಸಮನಾಗಿ ಹೊಸೆದು ಒಂದು ಬೋಲ್ಟಿನಿಂದ ಇನ್ನೊಂದಕ್ಕೆ ಓರೆಯಾಗಿ ಒಯ್ಯಬೇಕು. ಒಂದು ಬೋಲ್ಟು ಬಿಚ್ಚಿಕೊಳ್ಳಲು ಹೊರಟರೆ ತಂತಿ ಬಿಗಿಯಾಗಿ ಇನ್ನೊಂದನ್ನು ಬಿಗಿಯುವ ದಿಕ್ಕಿಗೇ ಎಳೆಯಬೇಕು. ದಿಕ್ಕು ತಪ್ಪಿ ಕಟ್ಟಿದರೆ ಅದು ಬರೀ ಅಲಂಕಾರ. ಎಪ್ಪತ್ತು ದಾಟಿದ ಆ ಬೆರಳುಗಳು ಇಕ್ಕಳದಲ್ಲಿ ತಂತಿ ಹೊಸೆಯುವುದನ್ನು ನೋಡುತ್ತಿದ್ದರೆ ಮಲ್ಲಿಗೆ ಕಟ್ಟುವವರ ಕೈ ನೆನಪಾಗುತ್ತಿತ್ತು.

ಆದರೆ ತಂತಿಯಾಗಲಿ ಕಿವಿ ಮಡಚಿದ ಪ್ಲೇಟಾಗಲಿ ಬೋಲ್ಟು ಕಳಚಿ ಬೀಳದಂತೆ ಕಾಯುತ್ತವೆಯೇ ಹೊರತು ಅಮುಕನ್ನು ಕಾಪಾಡುವುದಿಲ್ಲ. ಇನ್ನು ಸೀಳಿದ ಸ್ಪ್ರಿಂಗ್ ವಾಷರಿನ ಮೇಲೆ ನಮ್ಮ ಗ್ಯಾರೇಜುಗಳಿಗಿರುವ ಭಕ್ತಿಯನ್ನು ನಾನು ಎಂದೂ ಹಂಚಿಕೊಂಡಿಲ್ಲ. ಮೂರು ಟನ್ನಿನ ಬಲದಡಿ ಅದು ಪೂರ್ತಿ ಚಪ್ಪಟೆಯಾಗಿ ಮಾಮೂಲಿ ವಾಷರಾಗಿಬಿಡುತ್ತದೆ. ಬೋಲ್ಟು ಹೆಚ್ಚುಕಡಿಮೆ ಪೂರ್ತಿ ಸಡಿಲವಾದ ಮೇಲಷ್ಟೇ ಅದರ ಸ್ಪ್ರಿಂಗುತನ ಎಚ್ಚೆತ್ತುಕೊಳ್ಳುವುದು. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯವನ್ನು ಬೇರೆಯೇ ಬೆಳಕಿನಲ್ಲಿಟ್ಟವು. ಬೋಲ್ಟಿನ ಉದ್ದಕ್ಕೆ ಬರುವ ಎಳೆತಕ್ಕಿಂತ, ಅದಕ್ಕೆ ಅಡ್ಡಲಾಗಿ ಬರುವ ಅಲುಗಾಟವೇ ಬೋಲ್ಟನ್ನು ಬೇಗ ಸಡಿಲಗೊಳಿಸುತ್ತದೆ ಎಂದು ಅವರು ತೋರಿಸಿದರು. ಮುಖಗಳು ಅಡ್ಡಕ್ಕೆ ಒಮ್ಮೆ ಜಾರಲು ಶುರುವಾದರೆ, ಥ್ರೆಡ್ಡಿನೊಳಗಿನ ಹಿಡಿತ ಆ ಗಳಿಗೆಗೆ ತಪ್ಪಿ, ಬೋಲ್ಟು ತನ್ನ ಎಳೆತದಿಂದಲೇ ತನ್ನನ್ನು ತಾನು ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಜಾರುವಿಕೆಯೇ ಶುರುವಾಗದಂತೆ ಅಮುಕಿ ಹಿಡಿಯುವುದು ಮೊದಲ ಕೆಲಸ, ಬೀಗ ಎರಡನೆಯದು. ಫ್ಲೈವೀಲಿನ ಮೇಲೆ ಬರುವುದೆಲ್ಲ ಅಡ್ಡದ ಅಲುಗಾಟವೇ ಎಂಬುದನ್ನು ನೆನೆದರೆ, ಯುಂಕರ್ ನನ್ನ ಕಾರನ್ನೇ ನೋಡಿ ಬರೆದರೇನೋ ಅನ್ನಿಸುತ್ತದೆ.

ಎರಡನೆಯ ಸಲ ನಾನು ಅವಸರ ಮಾಡಲಿಲ್ಲ. ಥ್ರಸ್ಟ್ ವಾಷರುಗಳನ್ನೂ ನೋಡಿಬಿಡೋಣವೆಂದು ಎಂಜಿನ್ನನ್ನೇ ಇಳಿಸಿ ಸ್ಟ್ಯಾಂಡಿಗೆ ಹಾಕಿದೆ. ಅವು ಚೆನ್ನಾಗಿಯೇ ಇದ್ದವು. ಫ್ಲೈವೀಲಿನಲ್ಲಿ ಡೋವೆಲ್ ಕೂರುವ ತೂತು ಮಾತ್ರ ಕಣ್ಣಿಗೆ ಕಾಣುವಷ್ಟು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಲೇತಿನವರು ಆ ತೂತನ್ನು ರೀಮ್ ಮಾಡಿ ದುಂಡಗೆ ತಂದು, ಕ್ರ್ಯಾಂಕಿನ ಕಡೆ ಹಳೆಯ ಅಳತೆಯೂ ಚಕ್ರದ ಕಡೆ ಹೊಸ ಅಳತೆಯೂ ಇರುವ ಮೆಟ್ಟಿಲಿನಂಥ ಒಂದು ಪಿನ್ನನ್ನು ಮಾಡಿಕೊಟ್ಟರು. ಬಣ್ಣವನ್ನು ಥಿನ್ನರಿನಿಂದ ತೊಳೆದು ಕೆರೆದೆ. ಫ್ಲ್ಯಾಂಜಿನ ಮುಖದ ಮೇಲೆ ನುಣುಪು ಎಣ್ಣೆಕಲ್ಲನ್ನು ಚಪ್ಪಟೆಯಾಗಿ ಆಡಿಸಿದಾಗ, ತೂತುಗಳ ಬಾಯಲ್ಲಿ ಎದ್ದಿದ್ದ ಸಣ್ಣ ಏಣುಗಳು ಬೆಳ್ಳಗೆ ಹೊಳೆದು ಗುರುತು ಕೊಟ್ಟವು. ಅವು ಹೋಗುವವರೆಗೆ ಉಜ್ಜಿ, ಬೆರಳಿನ ತುದಿಯಿಂದ ಸವರಿ, ಮತ್ತೆ ಉಜ್ಜಿ, ಕಡೆಗೆ ಹಳೆಯ ಹತ್ತಿ ಪಂಚೆಯ ತುಂಡಿನಿಂದ ಒರೆಸಿದೆ.

ಬೀಗದ ಪ್ರಶ್ನೆಯಲ್ಲಿ ನಾನು ತಂತಿಯನ್ನೂ ಪ್ಲೇಟನ್ನೂ ಬಿಟ್ಟು ಲಾಕ್‌ಟೈಟಿನ ಕಡೆಗೆ ವಾಲಿದೆ. ಅಮೆರಿಕದ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವರ್ನನ್ ಕ್ರೀಬಲ್ 1953ರಲ್ಲಿ ರೂಪಿಸಿದ ಈ ದ್ರವದ ಸ್ವಭಾವ ವಿಚಿತ್ರ. ಗಾಳಿ ಇರುವವರೆಗೆ ಬಾಟಲಿಯಲ್ಲಿ ದ್ರವವಾಗಿಯೇ ಇರುತ್ತದೆ. ಗಾಳಿ ಸಿಗದ ಇಕ್ಕಟ್ಟಿನಲ್ಲಿ ಲೋಹ ಸೋಕಿದರೆ ಗಟ್ಟಿಯಾಗುತ್ತದೆ. ಥ್ರೆಡ್ಡುಗಳ ನಡುವಿನ ಸಂದನ್ನು ಪೂರ್ತಿ ತುಂಬುವುದರಿಂದ ಅಡ್ಡದ ಅಲುಗಾಟಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ. ತಲೆಯಡಿ ಮೆತ್ತನೆಯ ತಗಡೂ ಬೇಕಾಗಿಲ್ಲ. ಕೆಂಪು ದ್ರವ ಹೆಚ್ಚು ಗಟ್ಟಿ, ಆದರೆ ಬಿಚ್ಚಬೇಕಾದರೆ ಸುಮಾರು 250 ಡಿಗ್ರಿಗೆ ಕಾಯಿಸಬೇಕು. ಕ್ರ್ಯಾಂಕಿನ ತುದಿಯಲ್ಲಿ ಬೆಂಕಿ ಹಿಡಿಯುವುದು ನನಗೆ ಒಗ್ಗದ ಕೆಲಸ. ಹಾಗಾಗಿ ಕೈಯ ಸ್ಪ್ಯಾನರಿಗೆ ಬಗ್ಗುವ ನೀಲಿಯನ್ನು ಆರಿಸಿಕೊಂಡೆ. ಥ್ರೆಡ್ಡಿನಲ್ಲಿ ಎಣ್ಣೆಯ ಪಸೆ ಇದ್ದರೆ ಅದರ ಹಿಡಿತ ಕುಗ್ಗುವುದರಿಂದ, ಕ್ರ್ಯಾಂಕಿನ ತೂತುಗಳನ್ನು ಬಾಟಲಿ ತೊಳೆಯುವ ಪುಟ್ಟ ಬ್ರಷ್ಷು ಮತ್ತು ಥಿನ್ನರಿನಿಂದ ಮೂರು ಸಲ ತೊಳೆದೆ. ಹಿರಿಯರು ಇದನ್ನೆಲ್ಲ ನೋಡಿ, "ಗೋಂದು ಹಚ್ಚಿ ಎಂಜಿನ್ ಕಟ್ತೀಯಾ" ಎಂದು ನಕ್ಕು ಮನೆಗೆ ಹೋದರು.

ಹೊಸ ಬೋಲ್ಟುಗಳು ನಾಲ್ಕೂ ಆರು ಗೆರೆಯವು, ಒಂದೇ ಪೊಟ್ಟಣದವು. ಮೊದಲು ದ್ರವವಿಲ್ಲದೆ ಕೈಯಲ್ಲೇ ಕೊನೆಯವರೆಗೆ ತಿರುಗಿಸಿ, ಬೋಲ್ಟಿನ ತುದಿ ಎಲ್ಲೂ ತಳ ಮುಟ್ಟದೆ ತಲೆಯೇ ಮೊದಲು ಕೂರುತ್ತದೆ ಎಂದು ಖಾತ್ರಿ ಮಾಡಿಕೊಂಡೆ. ಉದ್ದ ಜಾಸ್ತಿಯಾಗಿ ತುದಿ ಆತುಕೊಂಡರೆ ರೆಂಚು 'ಟಕ್' ಎನ್ನುತ್ತದೆ, ಚಕ್ರ ಮಾತ್ರ ಸಡಿಲವಾಗಿಯೇ ಉಳಿಯುತ್ತದೆ. ಇವುಗಳ ತಲೆ ಹಳೆಯವಕ್ಕಿಂತ ತುಸು ಎತ್ತರವಿದ್ದದ್ದು ನನಗೆ ಕಸಿವಿಸಿಯಾಯಿತು, ಏಕೆಂದರೆ ಕ್ಲಚ್ ಪ್ಲೇಟಿನ ನಡುಭಾಗ ಈ ತಲೆಗಳಿಗೆ ತೀರ ಹತ್ತಿರದಲ್ಲಿ ತಿರುಗುತ್ತದೆ. ಅಡುಗೆಮನೆಯಿಂದ ಚಪಾತಿ ಹಿಟ್ಟಿನ ನಾಲ್ಕು ಗೋಲಿ ತಂದು ತಲೆಗಳ ಮೇಲೆ ಅಂಟಿಸಿ, ಕ್ಲಚ್ ಪ್ಲೇಟನ್ನೂ ಪ್ರೆಷರ್ ಪ್ಲೇಟನ್ನೂ ಕೂರಿಸಿ ಬಿಗಿದು, ಮತ್ತೆ ಬಿಚ್ಚಿ ಹಿಟ್ಟಿನ ದಪ್ಪ ಅಳೆದೆ. ಎರಡೂವರೆ ಮಿ.ಮೀ. ಇತ್ತು. ಸಾಕು.

ಬಿಗಿಯುವಾಗ ಕ್ರ್ಯಾಂಕು ತಿರುಗದಂತೆ, ಎಣ್ಣೆಯ ಸಂಪು ತೆಗೆದಿದ್ದ ತಳದಿಂದ ಸುತ್ತಿಗೆಯ ಮರದ ಹಿಡಿಯನ್ನು ಕ್ರ್ಯಾಂಕಿನ ತೋಳಿಗೂ ಬ್ಲಾಕಿನ ಗೋಡೆಗೂ ನಡುವೆ ಆನಿಸಿದೆ. ನಾಲ್ಕೂ ಬೋಲ್ಟುಗಳಿಗೆ ದ್ರವ ಹಚ್ಚಿ, ಎದುರುಬದುರಿನ ಕ್ರಮದಲ್ಲಿ ಮೊದಲು 20, ಆಮೇಲೆ 32, ಕಡೆಗೆ 44 ಪೌಂಡ್-ಅಡಿ. ಕೊನೆಯ ಸುತ್ತಿನಲ್ಲಿ ರೆಂಚನ್ನು ಎಳೆಯುವಾಗ ಕೈಗೆ ಸಿಗುವ ಅನುಭವವೇ ಬೇರೆಯಾಗಿತ್ತು. ಹೋದ ಸಲ ಬೋಲ್ಟು ರಬ್ಬರಿನಂತೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತಾ ಹೋಗಿ 'ಟಕ್' ಎಂದಿತ್ತು, ಅಂದು ಅದು ಬಣ್ಣದ ಮೆತ್ತಗು ಎಂದು ತಿಳಿಯಲಿಲ್ಲ. ಈ ಸಲ ಕಲ್ಲಿಗೆ ಕಲ್ಲು ಕೂತಂತೆ ಒಂದೇ ಏಟಿಗೆ ಗಟ್ಟಿಯಾಯಿತು. ಚಕ್ರದ ಓಲಾಟ ಅಳೆಯುವ ಡಯಲ್ ಗೇಜ್ ನಿಲ್ಲಿಸಿ, ಕ್ರ್ಯಾಂಕನ್ನು ಒಂದೇ ಕಡೆಗೆ ಒತ್ತಿ ಹಿಡಿದುಕೊಂಡು ಚಕ್ರವನ್ನು ನಿಧಾನವಾಗಿ ತಿರುಗಿಸಿದಾಗ, ಮುಳ್ಳು ಒಂದು ಪೂರ್ತಿ ಸುತ್ತಿನಲ್ಲಿ 0.04 ಮಿ.ಮೀ. ಆಡಿತು. ನಾನು ಇಟ್ಟುಕೊಂಡಿದ್ದ ಮಿತಿ 0.05. ಒರೆಸಿದ ಮುಖದ ಮೇಲೆ ಪಂಚೆಯ ಒಂದು ನೂಲೆಳೆ ಉಳಿದಿದ್ದರೂ ಮುಳ್ಳು ಇದರ ಎರಡರಷ್ಟು ಆಡುತ್ತಿತ್ತು.

ಕಡೆಯದಾಗಿ, ಪ್ರತಿ ಬೋಲ್ಟಿನ ತಲೆಯಿಂದ ಚಕ್ರದ ಮೇಲಕ್ಕೆ ಹರಿಯುವಂತೆ ಬಿಳಿ ಬಣ್ಣದ ಒಂದು ಸಣ್ಣ ಗೆರೆ ಎಳೆದೆ. ಬೋಲ್ಟು ಒಂದು ಕೂದಲಷ್ಟು ತಿರುಗಿದರೂ ಗೆರೆ ಮುರಿಯಬೇಕು. ಈ ಬಾರಿ ಬಣ್ಣದ ಡಬ್ಬಿಯನ್ನು ಆ ಎಂಜಿನ್ನಿನ ಬಳಿ ತಂದದ್ದು ಅದೊಂದಕ್ಕೇ. ದ್ರವ ಪೂರ್ತಿ ಗಟ್ಟಿಯಾಗಲೆಂದು ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಟ್ಟೆ.

ಇದಾಗಿ ಎರಡು ವರ್ಷ. ತಿಪಟೂರಿಗೆ ಹಲವು ಸಲ ಹೋಗಿಬಂದೆ, ಒಮ್ಮೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೂ. ಹೋದ ತಿಂಗಳು ಕ್ಲಚ್ಚಿನ ರಿಲೀಸ್ ಬೇರಿಂಗು ಕಿರುಗುಟ್ಟಲು ಶುರುವಾದ್ದರಿಂದ ಮತ್ತೆ ಸೀಟು ತೆಗೆದು, ಸುರಂಗ ಬಿಚ್ಚಿ, ಗೇರ್‌ಬಾಕ್ಸ್ ಹೊರಗೆ ತಂದೆ. ಬೇರಿಂಗು ಒಂದು ಕಡೆ ಇರಲಿ ಎಂದು ಮೊದಲು ಕ್ಲಚ್ಚನ್ನೇ ಬಿಚ್ಚಿದೆ. ಸುದ್ದಿ ತಿಳಿದು ಹಿರಿಯರೂ ಬಂದರು. ಟಾರ್ಚನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾಗಿಲಿನ ಚೌಕಟ್ಟಿಗೆ ಒರಗಿ ಬಗ್ಗಿ, ಕ್ಲಚ್ಚಿನ ಕಪ್ಪು ಧೂಳಿನ ನಡುವೆ ಒಂದೊಂದೇ ಬೋಲ್ಟನ್ನು ಹುಡುಕಿ ನೋಡಿದರು. ಕೆಮ್ಮಣ್ಣಿನ ಪುಡಿ ಎಲ್ಲೂ ಇರಲಿಲ್ಲ. ಬಿಳಿ ಗೆರೆಗಳು ಮಾಸಿದ್ದರೂ ನಾಲ್ಕೂ ಎಳೆದಂತೆಯೇ ನೆಟ್ಟಗಿದ್ದವು. ಅವರು ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿ, ಟಾರ್ಚ್ ಆರಿಸಿ ನನ್ನ ಕೈಗೆ ಕೊಟ್ಟು, "ಅವತ್ತೇ ತಂತಿ ಕಟ್ಟಿದ್ದಿದ್ರೆ ಹೀಗೆ ಬಗ್ಗಿ ನೋಡೋ ಕಷ್ಟ ಇರ್ತಿರಲಿಲ್ಲ" ಎಂದರು.